ತಾರೀಖಿಲ್ಲದ ಜನತಾ

ಅಪ್ಪನ ಎಚ್‌ಎಂಟಿ ಜನತಾ ವಾಚ್ ಈಗ ನನ್ನ ಕೈಯಲ್ಲಿದೆ. ಬಿಳಿ ಡಯಲ್, ತಾರೀಖಿನ ಕಿಂಡಿ ಇಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೀ ಕೊಡುತ್ತೇನೆ, ಅಷ್ಟೇ.

ಮೊದಲು ತಾರೀಖು ತೋರಿಸುವ ಆಟೋಮ್ಯಾಟಿಕ್ ವಾಚ್ ಕಟ್ಟುತ್ತಿದ್ದೆ. ಅದರೊಳಗಿನ ಚಕ್ರದಲ್ಲಿ 1ರಿಂದ 31ರವರೆಗೆ ಅಂಕಿಗಳಿರುತ್ತವೆ. ಅದಕ್ಕೆ ಎಲ್ಲ ತಿಂಗಳಿಗೂ 31 ದಿನವೇ. ಹಾಗಾಗಿ ವರ್ಷಕ್ಕೆ ಐದು ಸಲ ನಾವೇ ಸರಿಮಾಡಬೇಕು. ಒಂದು ಮಾರ್ಚ್ 1ರ ರಾತ್ರಿ, ಹನ್ನೊಂದು ಗಂಟೆ ಹೊತ್ತಿಗೆ, ಅವಸರದಲ್ಲಿ ತಾರೀಖು ತಿರುಗಿಸಿದೆ. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ತಾರೀಖಿನ ಚಕ್ರವನ್ನು ಕಚ್ಚಿಕೊಂಡಿರುತ್ತವಂತೆ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಮುಟ್ಟಬಾರದು ಅಂತ ರಿಪೇರಿಯವರು ಆಮೇಲೆ ಹೇಳಿದರು. ಒಂದು ಹಲ್ಲು ಮುರಿದಿತ್ತು. ತುಂಬಾ ಬೇಜಾರಾಯ್ತು.

ಚೆಕ್ ಬರೆಯುವವರಿಗೆ, ದಿನವೂ ರಿಜಿಸ್ಟರಿಗೆ ಸಹಿ ಹಾಕುವವರಿಗೆ ತಾರೀಖು ನಿಜವಾಗಿ ಉಪಯೋಗ, ಒಪ್ಪುತ್ತೇನೆ. 1945ರಲ್ಲಿ ಬಂದ ರೋಲೆಕ್ಸ್ ಡೇಟ್‌ಜಸ್ಟ್‌ನಲ್ಲೂ ಆ ಪುಟ್ಟ ಕಿಂಡಿ ಮೂರು ಗಂಟೆಯ ಜಾಗದಲ್ಲೇ ಇತ್ತು. ಆದರೆ ಅದಕ್ಕಾಗಿ 3ರ ಅಂಕಿಯನ್ನೇ ತೆಗೆದುಬಿಡುತ್ತಾರಲ್ಲ, ಅದು ನನ್ನ ಕಣ್ಣಿಗೆ ಹಿಡಿಸುವುದೇ ಇಲ್ಲ. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ, ಅಲ್ವಾ?

ಅಪ್ಪನ ವಾಚಿನಲ್ಲಿ ಹನ್ನೆರಡೂ ಅಂಕಿ ಇವೆ. ಎರಡು ದಿನ ಕೀ ಕೊಡದೆ ನಿಂತರೂ ಬರೀ ಗಂಟೆ ಹೊಂದಿಸಿದರೆ ಸಾಕು.