ಡೆನ್ಮಾರ್ಕ್ ಸೌಟು ಹಿಡಿದ ಬಗೆ

ಕಾರ್ತಿಕದ ಸಂಜೆ ತೀರ್ಥಹಳ್ಳಿಯ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ, ಡೆನ್ಮಾರ್ಕ್ ಐರೋಪ್ಯ ಒಕ್ಕೂಟದಲ್ಲಿದ್ದೂ ಅದರ ಸೇನಾ ಕಾರ್ಯಾಚರಣೆಗಳಿಂದ ಬಹುಕಾಲ ಹೊರಗುಳಿದಿದ್ದ ಸಂಗತಿ ಹೇಳಿದೆ. ದೊಡ್ಡಪ್ಪ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, ‘ಅಡುಗೆಗೆ ಸಲಹೆ ಕೊಟ್ಟು, ಬಡಿಸುವ ಹೊತ್ತಿಗೆ ಕೈಕಟ್ಟಿ ನಿಂತಂತಾಯಿತಲ್ಲ ಮಾರಾಯ’ ಎಂದರು.

ಹೋಲಿಕೆ ಬಹುಪಾಲು ಸರಿಯೇ. 1992ರ ಜೂನ್‌ನಲ್ಲಿ ಆ ಒಕ್ಕೂಟಕ್ಕೆ ಅಡಿಪಾಯ ಹಾಕಿದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಜನಮತದಲ್ಲಿ ತಿರಸ್ಕರಿಸಿದ ಆ ದೇಶ, ಅದೇ ಡಿಸೆಂಬರಿನ ಎಡಿನ್‌ಬರೋ ಸಭೆಯಲ್ಲಿ ರಕ್ಷಣೆಯೂ ಸೇರಿದಂತೆ 4 ವಿನಾಯಿತಿಗಳನ್ನು ಪಡೆಯಿತು; ಹಾಗಾಗಿ ಐರೋಪ್ಯ ಒಕ್ಕೂಟದ ವಿದೇಶಾಂಗ ನಿಲುವನ್ನು ರೂಪಿಸುವಾಗ ಅದಕ್ಕೆ ಮತವಿದ್ದರೂ, ಸೇನಾ ಕಾರ್ಯಾಚರಣೆಗಳಲ್ಲಿ ಪಾಲಿರಲಿಲ್ಲ. ಇದರ ಬಿಸಿ ತಟ್ಟಿದ್ದು 2004ರಲ್ಲಿ: ಬೋಸ್ನಿಯಾದ ಶಾಂತಿಪಾಲನೆ ನ್ಯಾಟೊದಿಂದ ಒಕ್ಕೂಟಕ್ಕೆ ಹಸ್ತಾಂತರವಾದಾಗ ಡೆನ್ಮಾರ್ಕಿನ ಸೈನಿಕರು ಅಲ್ಲಿ ಮುಂದುವರಿಯುವಂತಿರಲಿಲ್ಲ. ನನಗಂತೂ ಇದು ಸ್ವಾಭಿಮಾನಕ್ಕಿಂತ ಮುಜುಗರವೆಂದೇ ತೋರುತ್ತದೆ.

ರಷ್ಯಾ ಉಕ್ರೇನಿನ ಮೇಲೆ ಎರಗಿದ ಬಳಿಕ, 2022ರ ಜೂನ್ 1ರಂದು ಸುಮಾರು ಶೇ 67ರಷ್ಟು ಮತದಾರರು ರಕ್ಷಣೆಯ ವಿನಾಯಿತಿಯನ್ನು ಕೈಬಿಡಲು ಒಪ್ಪಿದರು. ಜುಲೈ 1ರಿಂದ ಡೆನ್ಮಾರ್ಕಿನ ಕೈಯಲ್ಲೂ ಸೌಟಿದೆ.