‘ಇರ್ಲಿ ಬಿಡ್ರಿ, ಸೋಮವಾರ ನೋಡಾಣ’

ದಾವಣಗೆರೆಯ ಒಂದು ಐಸಿಯು, ಶನಿವಾರದ ರೌಂಡ್ಸು. ಹೈವೇಯಲ್ಲಿ ಬೈಕಿನಿಂದ ಬಿದ್ದು ಬಂದ ಹುಡುಗ. ತೊಡೆಮೂಳೆಗೆ ರಾಡ್ ಹಾಕಿಯಾಗಿದೆ, ವೆಂಟಿಲೇಟರ್ ತೆಗೆದಾಗಿದೆ, ಬಾಯಿಬಿಟ್ಟು ನೀರು ಕೇಳುತ್ತಿದ್ದಾನೆ. ಸೋಂಕು ನಿಯಂತ್ರಣದ ಸಿಸ್ಟರ್ ಫೈಲ್ ಹಿಡಿದು ಕೇಳಿದರು: ‘ಸರ್, ಯೂರಿನ್ ಪೈಪ್ ಇವತ್ತು ಯಾಕೆ ಬೇಕು?’ ಡಾಕ್ಟರು ಆಗಲೇ ಪಕ್ಕದ ಬೆಡ್ಡಿಗೆ ತಿರುಗಿದ್ದರು. ‘ಇರ್ಲಿ ಬಿಡ್ರಿ ಸಿಸ್ಟರ್, ಸೋಮವಾರ ನೋಡಾಣ.’

ಸೋಮವಾರ ನೋಡುವಷ್ಟರಲ್ಲಿ ಹುಡುಗನಿಗೆ ಚಳಿಜ್ವರ.

ಆ ಡಾಕ್ಟರು ಉದಾಸೀನದ ಮನುಷ್ಯರಲ್ಲ. ನಡುರಾತ್ರಿ ಕರೆದರೂ ಓಡಿ ಬರುವವರು, ಕೈ ಬಲು ಚುರುಕು. ಆದರೆ ಹಾಕುವಾಗ ಇದ್ದ ಗಮನ ತೆಗೆಯುವಾಗ ಇರುವುದಿಲ್ಲ, ಸಂಕಟ ಇರುವುದೇ ಅಲ್ಲಿ. ಒಳಗಿದ್ದಷ್ಟು ದಿನವೂ ಪೈಪಿನ ಗೋಡೆಗೆ ಸೂಕ್ಷ್ಮಜೀವಿಗಳು ಲೋಳೆಪದರ ಕಟ್ಟುತ್ತವೆ. ಪದರದೊಳಗೆ ಅವಿತವನ್ನು ಆಂಟಿಬಯಾಟಿಕ್ ಸುಲಭಕ್ಕೆ ಮುಟ್ಟುವುದಿಲ್ಲ. ಶನಿವಾರ, ಭಾನುವಾರ ಎಂದು ಅವು ರಜೆ ಹಾಕುವುದೂ ಇಲ್ಲ.

ತೀವ್ರ ಗಾಯಾಳುಗಳಿಗೆ ಈ ಅಪಾಯ ಉಳಿದವರಿಗಿಂತ ಹೆಚ್ಚು. ಚರ್ಮ ಹರಿದಿರುತ್ತದೆ, ಗಾಯದೊಳಗೆ ರಸ್ತೆಯ ಮಣ್ಣು ಹೊಕ್ಕಿರುತ್ತದೆ. ರಕ್ತಸ್ರಾವ, ಶಾಕ್ (ರಕ್ತದೊತ್ತಡ ಕುಸಿದು ಅಂಗಗಳಿಗೆ ರಕ್ತ ಸಾಲದಾಗುವುದು), ಮತ್ತೆ ಮತ್ತೆ ರಕ್ತ ಕೊಡುವುದು, ಇವೆಲ್ಲ ಸೇರಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಜೀವ ಉಳಿಸುವ ಗಡಿಬಿಡಿಯಲ್ಲಿ ಕ್ಯಾಷುವಾಲ್ಟಿಯಲ್ಲಿ ಸೆಂಟ್ರಲ್ ಲೈನ್ (ಕುತ್ತಿಗೆಯಂಥ ಕಡೆಯ ದೊಡ್ಡ ರಕ್ತನಾಳಕ್ಕೆ ತೂರಿಸುವ ನಳಿಕೆ) ಹಾಕಿರುತ್ತಾರೆ. ಗೌನು, ಮೈ ಮುಚ್ಚುವ ದೊಡ್ಡ ಶುಚಿ ಬಟ್ಟೆ, ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಒಣಗಲು ಬಿಡುವುದು, ಒಂದಕ್ಕೂ ಪುರುಸೊತ್ತು ಸಿಕ್ಕಿರುವುದಿಲ್ಲ. ತಪ್ಪಲ್ಲ ಅದು. ಆದರೆ ಅಂಥ ಲೈನನ್ನು ಆದಷ್ಟು ಬೇಗ, 48 ಗಂಟೆಯೊಳಗೆ ಬದಲಿಸಬೇಕು. ಯಾವಾಗ, ಎಲ್ಲಿ ಹಾಕಿದರು ಎಂದು ಕೇಸ್ ಶೀಟಿನಲ್ಲಿ ಬರೆದಿರದಿದ್ದರೆ ಬದಲಿಸುವವರಿಗೆ ಗೊತ್ತಾಗುವುದಾದರೂ ಹೇಗೆ?

ಸಿಸ್ಟರ್ ಕೈಯಲ್ಲಿದ್ದ ಫೈಲಿನ ಕತೆ ಹೇಳಬೇಕು. ದಿನಾ ಒಂದೇ ಹೊತ್ತಿಗೆ ವಾರ್ಡ್ ಸುತ್ತಿ ಎಷ್ಟು ಜನಕ್ಕೆ ಯೂರಿನ್ ಪೈಪ್, ಎಷ್ಟು ಜನಕ್ಕೆ ಸೆಂಟ್ರಲ್ ಲೈನ್, ಎಷ್ಟು ಜನ ವೆಂಟಿಲೇಟರ್ ಮೇಲೆ ಎಂದು ಎಣಿಸಿ ಬರೆಯುತ್ತಾರೆ. ತಿಂಗಳ ಕೊನೆಗೆ ಯೂರಿನ್ ಪೈಪಿನ ಸೋಂಕುಗಳನ್ನು ಪೈಪ್-ದಿನಗಳಿಂದ (ದಿನಾ ಎಣಿಸಿದ ಪೈಪುಗಳ ತಿಂಗಳ ಮೊತ್ತ) ಭಾಗಿಸಿ 1000ದಿಂದ ಗುಣಿಸಿದರೆ ದರ ಸಿಗುತ್ತದೆ. 240 ಪೈಪ್-ದಿನಕ್ಕೆ 2 ಸೋಂಕು ಎಂದರೆ 8.3. ಬೇಡದ ಪೈಪುಗಳನ್ನು ತೆಗೆಸಿ ದಿನಗಳನ್ನು 120ಕ್ಕೆ ಇಳಿಸಿದಾಗ ಸೋಂಕು 1 ಆಯಿತೆನ್ನಿ, ದರ ಆಗಲೂ 8.3! ಮೀಟಿಂಗಿನಲ್ಲಿ ‘ಏನೂ ಸುಧಾರಿಸಿಲ್ಲವಲ್ಲ’ ಎಂದು ಈ ಸಿಸ್ಟರನ್ನೇ ಬೈಯುತ್ತಾರೆ. ಒಬ್ಬ ರೋಗಿ ಸೋಂಕಿನಿಂದ ಉಳಿದದ್ದು ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ದರದ ಪಕ್ಕದಲ್ಲಿ ಒಟ್ಟು ರೋಗಿ-ದಿನಗಳಲ್ಲಿ ಪೈಪ್ ಇದ್ದ ದಿನಗಳೆಷ್ಟು ಎಂಬ ಅನುಪಾತವನ್ನೂ ಇಡಬೇಕು. ದೆಹಲಿ ಏಮ್ಸ್‌ನ ಟ್ರಾಮಾ ಸೆಂಟರ್ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ ನಡೆಸುತ್ತಿರುವ ಆಸ್ಪತ್ರೆ ಸೋಂಕುಗಳ ದೇಶವ್ಯಾಪಿ ನಿಗಾ ಜಾಲಕ್ಕೂ ಇಂಥ ಲೆಕ್ಕವೇ ತಳಹದಿ.

ಜ್ವರ ಬಂದ ಮೇಲೆ ಆಗಿದ್ದು ಇನ್ನೂ ಬೇಸರದ್ದು. ಕಲ್ಚರ್‌ಗೆಂದು, ಅಂದರೆ ಸೂಕ್ಷ್ಮಜೀವಿ ಬೆಳೆಸಿ ನೋಡುವ ಲ್ಯಾಬ್ ಪರೀಕ್ಷೆಗೆಂದು, ಮೂತ್ರವನ್ನು ನೇತಾಡುವ ಚೀಲದಿಂದಲೇ ಬಸಿದು ಕಳಿಸಲು ಹೊರಟಿದ್ದರು. ಚೀಲದಲ್ಲಿ ಗಂಟೆಗಟ್ಟಲೆ ನಿಂತ ಮೂತ್ರದಲ್ಲಿ ಏನು ಬೇಕಾದರೂ ಬೆಳೆದಿರುತ್ತದೆ. ಪೈಪಿನ ಸ್ಯಾಂಪಲ್ ಪೋರ್ಟನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಸಿರಿಂಜಿನಲ್ಲಿ ಎಳೆಯಬೇಕು. ಕಲ್ಚರ್‌ನಲ್ಲಿ ಜೀವಿ ಬೆಳೆದ ಮಾತ್ರಕ್ಕೆ ಸೋಂಕೂ ಅಲ್ಲ, ಗಾಯಾಳುವಿನ ಜ್ವರವೆಲ್ಲ ಸೋಂಕಿನದೂ ಅಲ್ಲ. ಒಳಗೆ ಹೆಪ್ಪುಗಟ್ಟಿದ ರಕ್ತಕ್ಕೂ ಜ್ವರ ಬರುತ್ತದೆ. ಇದನ್ನು ಬಿಡಿಸಿ ನೋಡದೆ ದೊಡ್ಡ ಆಂಟಿಬಯಾಟಿಕ್ ಸುರಿದರೆ, ಸುಲಭಕ್ಕೆ ಯಾವುದಕ್ಕೂ ಬಗ್ಗದ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಗಳೇ ಐಸಿಯುನಲ್ಲಿ ಉಳಿಯುತ್ತವೆ. ಆಮೇಲೆ ಕೈಗೆ ಸಿಗುವುದು ಕೊಲಿಸ್ಟಿನ್‌ನಂಥದ್ದು, ಅದು ಕಿಡ್ನಿಗೆ ಏಟು ಕೊಡಬಲ್ಲ ಮದ್ದು.

ಅಸಿನೆಟೊಬ್ಯಾಕ್ಟರ್ ಒಣ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ. ಬೆಡ್ಡಿನ ಕಂಬಿ, ಮಾನಿಟರಿನ ಗುಂಡಿ, ಬಿಪಿ ಪಟ್ಟಿ, ಎಲ್ಲ ಅದಕ್ಕೆ ಮನೆ. ಗ್ಲೌಸ್ ಹಾಕಿದ ಕೈ ವೆಂಟಿಲೇಟರ್ ಮುಟ್ಟಿ, ಫೋನ್ ಎತ್ತಿ, ಅದೇ ಗ್ಲೌಸಿನಲ್ಲಿ ಪಕ್ಕದವನ ಡ್ರೆಸ್ಸಿಂಗ್ ಬಿಚ್ಚುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗ್ಲೌಸ್ ತೆಗೆದು 20-30 ಸೆಕೆಂಡ್ ಹ್ಯಾಂಡ್‌ರಬ್ ಉಜ್ಜಬೇಕು, ಹೆಬ್ಬೆರಳು ಮತ್ತು ಉಗುರಿನ ತುದಿ ಬಿಡದಂತೆ. ಬಾಟಲಿ ಬೆಡ್ಡಿನ ಬುಡದಲ್ಲೇ ಇರಬೇಕು. ಬಾಗಿಲ ಹತ್ತಿರ ಇಟ್ಟರೆ ಯಾರೂ ನಡೆದು ಹೋಗುವುದಿಲ್ಲ.

ಜನ ಸುಲಭಕ್ಕೆ ಬೈಯುವುದು ರೋಗಿಯ ಕಡೆಯವರನ್ನು. ಹುಡುಗನ ತಾಯಿ ಉಕ್ಕಡಗಾತ್ರಿ ಅಜ್ಜಯ್ಯನ ವಿಭೂತಿ ತಂದಿದ್ದರು. ಸಿಸ್ಟರ್ ಅವರ ಕೈಗೆ ಹ್ಯಾಂಡ್‌ರಬ್ ಹಾಕಿ, ಹಣೆಗೆ ಹಚ್ಚಿ, ಕುತ್ತಿಗೆಯ ಲೈನ್ ಕಡೆ ಬೇಡ ಎಂದರು. ಆ ತಾಯಿ ಒಂದೇ ಸಲಕ್ಕೆ ಕೇಳಿದರು. ಸ್ಟ್ರೆಚರ್ ತಳ್ಳುವಾಗ ಮೂತ್ರದ ಚೀಲವನ್ನು ಹುಡುಗನ ಹೊಟ್ಟೆಯ ಮೇಲಿಟ್ಟವರು ಆಸ್ಪತ್ರೆಯವರೇ. ಚೀಲ ಮೂತ್ರಕೋಶಕ್ಕಿಂತ ಮೇಲೆ ಹೋದರೆ ಹಳೆಯ ಮೂತ್ರ ಹಿಂದಕ್ಕೆ ಹರಿಯುತ್ತದೆ. ಕೆಳಗಿರಬೇಕು, ನೆಲಕ್ಕೂ ತಾಗಬಾರದು.

‘ಸೋಮವಾರ ನೋಡಾಣ.’ ಸಿಸ್ಟರ್ ಕೇಳಿದ ಪ್ರಶ್ನೆ ಸರಿಯಿತ್ತು, ಸಮಯವೂ ಸರಿಯಿತ್ತು. ಉತ್ತರ ಬಾರದಿದ್ದರೆ ತಾವೇ ತೆಗೆಯುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ಒಂದು ಹಾಳೆಯ ಲಿಖಿತ ಆದೇಶ ಸಾಕು: ಮೂತ್ರನಾಳದ ಗಾಯ, ಮೂತ್ರ ಕಟ್ಟಿರುವುದು, ಗಂಟೆಗಂಟೆಗೆ ಮೂತ್ರ ಅಳೆಯಬೇಕಾದ ಸ್ಥಿತಿ, ಅಲುಗಾಡಿಸಬಾರದ ಬೆನ್ನುಮೂಳೆ ಅಥವಾ ಸೊಂಟದ ಮುರಿತ, ಇಂಥ ಕಾರಣ ಬರೆದಿರದಿದ್ದರೆ ನರ್ಸ್ ಪೈಪ್ ತೆಗೆಯಬಹುದು. ತೆಗೆದ ಮೇಲೆ ನಾಲ್ಕರಿಂದ ಆರು ಗಂಟೆ ಕಾದು, ಮೂತ್ರ ಹೋಗದಿದ್ದರೆ ಮೂತ್ರಕೋಶದ ಸ್ಕ್ಯಾನ್ ಮಾಡಿ, ತುಂಬಿದ್ದರೆ ಒಮ್ಮೆ ಮಾತ್ರ ಪೈಪ್ ಹಾಕಿ ಖಾಲಿ ಮಾಡಿ ತೆಗೆಯುವುದು. ಈ ಹಾಳೆಗೆ ಸಹಿ ಹಾಕಬೇಕಾದವರು ಅದೇ ರೌಂಡ್ಸಿನಲ್ಲಿ ಇರುವವರು.