ಪಾರ್ಲರ್‌ನಲ್ಲಿ ದುಡ್ಡು ‘ವಸೂಲಿ’ ಮಾಡುವುದು ಹೇಗೆ?

ಮದುವೆ ಊಟಕ್ಕೆ ಕೂತಿರುತ್ತೇನೆ. ಎಲೆಗೆ ಕೋಸಂಬರಿ ಬೀಳುವಷ್ಟರಲ್ಲಿ ಪಕ್ಕದವರು ಜಡೆಯನ್ನು ಮುಂದಕ್ಕೆಳೆದು ನನ್ನ ಮುಖದ ಹತ್ತಿರ ಹಿಡಿಯುತ್ತಾರೆ. “ನೀವು ಪಾರ್ಲರ್‌ನವರಂತೆ, ಅಲ್ವಾ? ಸ್ವಲ್ಪ ನೋಡಿ. ಅಷ್ಟೊಂದು ದುಡ್ಡು ಕೊಡ್ತೀವಿ, ವಸೂಲಿ ಆಗಬೇಕಾದ್ರೆ ಏನ್ ಮಾಡಬೇಕು?” ಮೈಸೂರಿನ ಸರಸ್ವತಿಪುರಂನಲ್ಲಿ 12 ವರ್ಷದಿಂದ ಕತ್ತರಿ ಹಿಡಿದಿದ್ದೇನೆ. ಈ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿದೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸಿ ನಾನು ಪಾಯಸ ಕುಡಿಯುತ್ತೇನೆ.

ಮೊದಲು ಆ ‘ವಸೂಲಿ’. ನಾನೇನು ನಿಮ್ಮ ಹತ್ತಿರ ಸಾಲ ತಗೊಂಡಿದ್ದೀನಾ? 2025ರ ಸೆಪ್ಟೆಂಬರ್ 22ರಿಂದ ಸಲೂನುಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಮಾರನೇ ದಿನ ಮಂಗಳವಾರ, ಅಂಗಡಿಗೆ ರಜೆ. ಬುಧವಾರ ಬಾಗಿಲು ತೆಗೆಯುತ್ತಿದ್ದಂತೆ ಶುರು: “ರೇಟ್ ಇಳಿಸಿಲ್ವಾ?” ನಮ್ಮದು ಎರಡು ಕುರ್ಚಿಯ ಅಂಗಡಿ. ವರ್ಷದ ವಹಿವಾಟು 20 ಲಕ್ಷ ಮುಟ್ಟಿದ್ದೇ ಇಲ್ಲ, ಹಾಗಾಗಿ ಜಿಎಸ್‌ಟಿಯೂ ಇಲ್ಲ. ಹಾಕದೇ ಇದ್ದದ್ದನ್ನು ಎಲ್ಲಿಂದ ಇಳಿಸಲಿ?

ಸರಿ, ಉತ್ತರಕ್ಕೆ ಬರೋಣ. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ. ಎಣ್ಣೆಯಲ್ಲಿ ಅಂಟಿಕೊಂಡ ಕೂದಲು ಹೇಗೆ ಬೀಳುತ್ತದೆ ಅಂತ ನನಗೆ ಕಾಣುವುದಿಲ್ಲ. ಗುಂಗುರು ಕೂದಲಿನವರು ದಿನಾ ಹೇಗಿರುತ್ತೀರೋ ಹಾಗೇ, ಒಣಗಿದ ಕೂದಲಲ್ಲಿ ಬನ್ನಿ. ಒದ್ದೆಯಲ್ಲಿ ಭುಜ ಮುಟ್ಟಿದ್ದು ಒಣಗಿದ ಮೇಲೆ ಸುರುಳಿ ಸುತ್ತಿಕೊಂಡು ಗದ್ದದ ಹತ್ತಿರ ಕೂರುತ್ತದೆ, ಆಮೇಲೆ ಬೈಗುಳ ನನಗೆ. ‘ಸ್ವಲ್ಪ’ ಅನ್ನುವುದು ಅಳತೆಯಲ್ಲ. ‘ತುದಿ ಮಾತ್ರ’ವೂ ಅಲ್ಲ. ಕನ್ನಡಿ ಮುಂದೆ ಬೆರಳಿಟ್ಟು ‘ಇಲ್ಲಿಗೆ’ ಅನ್ನಿ. ನಟಿಯರ ಫೋಟೊ ತನ್ನಿ, ನನ್ನ ತಕರಾರಿಲ್ಲ. ನಿಮಗೆ ಸುತಾರಾಂ ಬೇಡದ ಕಟಿಂಗ್‌ನ ಫೋಟೊ ತಂದರೆ ಇನ್ನೂ ಉಪಕಾರ.

ಇದೆಲ್ಲ ಯಾರಾದರೂ ಹೇಳುವಂಥದ್ದೇ. ನಾನು ಹೇಳಬೇಕಾದದ್ದು ಒಂದೇ: ಕುರ್ಚಿ ಮೇಲೆ ಕೂತು ಸುಳ್ಳು ಹೇಳಬೇಡಿ.

ಮಗಳ ಮದುವೆಗೆ ನಾಲ್ಕು ದಿನ ಇರುವಾಗ ಒಬ್ಬರು ಬಂದರು. ಹೈಲೈಟ್ಸ್ ಬೇಕಂತೆ, ಅಂದರೆ ಅಲ್ಲಲ್ಲಿ ಕೆಲವು ಎಳೆಗಳ ಬಣ್ಣ ತಿಳಿ ಮಾಡುವುದು. “ಮೆಹಂದಿ ಹಚ್ಚುತ್ತೀರಾ ಮೇಡಂ?” “ಇಲ್ಲಪ್ಪ.” “ಡೈ?” “ಅಯ್ಯೋ, ನಾನು ಕೆಮಿಕಲ್ ಮುಟ್ಟೋದೇ ಇಲ್ಲ.” ಬೈತಲೆಯ ಎರಡೂ ಬದಿಗೆ ಅರ್ಧ ಇಂಚು ಬೆಳ್ಳಗೆ, ಅಲ್ಲಿಂದ ಕೆಳಗೆ ಇದ್ದಿಲ ಹಾಗೆ ಕಪ್ಪು. ನಾನು ವಾದ ಮಾಡಲಿಲ್ಲ. ಕತ್ತಿನ ಹಿಂದೆ, ಯಾರಿಗೂ ಕಾಣದ ಕಡೆಯಿಂದ ಸಣ್ಣ ಎಳೆ ಕತ್ತರಿಸಿಕೊಂಡೆ. ಗಾಜಿನ ಬಟ್ಟಲಲ್ಲಿ ಹೈಲೈಟ್ಸ್‌ಗೆ ಬಳಸುವ ಶೇ. 6ರ ಪೆರಾಕ್ಸೈಡ್‌ಗೆ ನಾಲ್ಕು ಹನಿ ಅಮೋನಿಯಾ ಬೆರೆಸಿ ಅದರಲ್ಲಿ ಮುಳುಗಿಸಿದೆ. ಸ್ವಲ್ಪ ಹೊತ್ತಿಗೆ ಗುಳ್ಳೆ ಏಳತೊಡಗಿತು. ಬಟ್ಟಲು ಮುಟ್ಟಿದರೆ ಆಗಷ್ಟೇ ಕಾಫಿ ಬಗ್ಗಿಸಿದ ಲೋಟದಷ್ಟು ಬಿಸಿ. ಎಳೆಯನ್ನು ಎತ್ತಿ ಎರಡು ಬೆರಳಲ್ಲಿ ಎಳೆದೆ. ಬೆಂದ ಶಾವಿಗೆಯ ಹಾಗೆ ಉದ್ದಕ್ಕೆ ಬಂತು, ಪಟ್ಟನೆ ತುಂಡಾಯಿತು. ಅವರು ಬಟ್ಟಲನ್ನೇ ನೋಡುತ್ತಾ ಮೆಲ್ಲಗೆ ಅಂದರು, “ಅದು ಡೈ ಅಲ್ಲಮ್ಮ. ಆಯುರ್ವೇದಿಕ್ ಪುಡಿ.”

ಬರೀ ಮದರಂಗಿ ಸೊಪ್ಪು ಕೂದಲಿಗೆ ಕೆಂಪು ಬಣ್ಣ ಕೊಡುತ್ತದೆ, ಕಪ್ಪಲ್ಲ. ಕಪ್ಪು ಬಂತು ಅಂದರೆ ಪುಡಿಯಲ್ಲಿ ಇನ್ನೇನೋ ಇದೆ: ನೀಲಿ (ಇಂಡಿಗೊ) ಗಿಡದ ಸೊಪ್ಪು ಇರಬಹುದು, ಪಿಪಿಡಿ ಎಂಬ ಡೈ ಇರಬಹುದು, ಲೋಹದ ಲವಣ ಇರಬಹುದು. ಈ ಕೊನೆಯದಕ್ಕೂ ಪೆರಾಕ್ಸೈಡ್‌ಗೂ ಬದ್ಧ ವೈರ. ಬಟ್ಟಲಲ್ಲಿ ಆದದ್ದು ತಲೆಯ ಮೇಲೆ ಆಗಿದ್ದರೆ? “ಅದು ಹಚ್ಚಿ ಎರಡು ವರ್ಷ ಆಯ್ತು” ಅಂದರೂ ಪ್ರಯೋಜನವಿಲ್ಲ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1.25 ಸೆಂಟಿಮೀಟರ್, ಅಂದರೆ ಅರ್ಧ ಇಂಚು. ನಿಮ್ಮ ಕೂದಲು 24 ಇಂಚು ಇದ್ದರೆ ತುದಿಗೆ 4 ವರ್ಷ ವಯಸ್ಸು. ಈ ನಾಲ್ಕು ವರ್ಷದಲ್ಲಿ ನೀವು ಹಚ್ಚಿದ್ದು, ಸುಟ್ಟದ್ದು, ಸ್ಟ್ರೇಟನಿಂಗ್ ಮಾಡಿಸಿದ್ದು ಎಲ್ಲ ಅಲ್ಲೇ ಇದೆ. ಡೈ ಪ್ಯಾಕೆಟ್ ಮೇಲೆ ‘48 ಗಂಟೆ ಮೊದಲು ಚರ್ಮಕ್ಕೆ ಹಚ್ಚಿ ಪರೀಕ್ಷಿಸಿ’ ಅಂತ ಇರುವುದೂ ಓದಲಿಕ್ಕೇ. ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿಸಿಕೊಳ್ಳಲು ಎರಡು ದಿನ ಮುಂಚೆ ಬನ್ನಿ ಎಂದರೆ, “ಅಷ್ಟಕ್ಕೆ ಆಟೋ ಚಾರ್ಜ್ ಯಾರು ಕೊಡ್ತಾರೆ?”

ಅವತ್ತು ಹೈಲೈಟ್ಸ್ ಮಾಡಲಿಲ್ಲ. ದುಡ್ಡೂ ತಗೊಳ್ಳಲಿಲ್ಲ. ಅವರು ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ‘ಅನುಭವ ಸಾಲದು’ ಅಂತ ಬರೆದರು. ಇನ್ನೂ ಹಾಗೇ ಇದೆ, ಬೇಕಾದರೆ ನೋಡಿ.

ನಿಜ ಹೇಳಲಾ? ‘ನನಗೆ ಏನು ಸೂಟ್ ಆಗತ್ತೆ?’ ಅನ್ನುವುದಕ್ಕಿಂತ ‘ನಾಳೆ ಬೆಳಿಗ್ಗೆ ಮನೆಯಲ್ಲಿ ಇದನ್ನ ನಾನು ಹೇಗೆ ಸಂಭಾಳಿಸಲಿ?’ ಅಂತ ಕೇಳಿದರೆ ನನಗೆ ಖುಷಿ. ಏಕೆಂದರೆ ಲೇಯರ್ ಮಾಡಿಸಿದ ಕೂದಲಿಗೆ ಜಡೆ ಹಾಕಿದರೆ ಉದ್ದಕ್ಕೂ ಗರಿ ಗರಿ ಹೊರಗೆ ಬರುತ್ತದೆ. ಹಣೆ ಮೇಲೆ ಫ್ರಿಂಜ್ ಬಿಡಿಸಿದರೆ ತಿಂಗಳಿಗೆಲ್ಲ ಕಣ್ಣಿಗೆ ಚುಚ್ಚುತ್ತದೆ. ಇದನ್ನೆಲ್ಲ ಕತ್ತರಿ ಎತ್ತುವ ಮೊದಲು ಕೇಳಿದರೆ ಐದು ನಿಮಿಷದ ಮಾತು.

ಹಾಗೆ ಕೇಳಿದವರು 12 ವರ್ಷದಲ್ಲಿ ಒಬ್ಬರೇ. ನಂಜನಗೂಡಿನ ಕಡೆ ಶಾಲೆಯ ಮೇಷ್ಟ್ರಮ್ಮ. ಕೂತವರೇ ಹೇಳಿದರು: “ನೋಡಮ್ಮ, ಏಳೂಕಾಲಿಗೆ ಬಸ್ಸು. ತಲೆ ಬಾಚಲಿಕ್ಕೆ ನನಗೆ ನಾಲ್ಕು ನಿಮಿಷ ಇದೆ. ಅದಕ್ಕೆ ತಕ್ಕ ಹಾಗೆ ಕತ್ತರಿಸು. ಹೋದ ವರ್ಷ ಸ್ಟ್ರೇಟನಿಂಗ್ ಮಾಡಿಸಿದ್ದೆ, ಬುದ್ಧಿ ಇರಲಿಲ್ಲ. ಮೆಹಂದಿ ಯುಗಾದಿಗೆ ಹಚ್ಚಿದ್ದು, ಪುಡಿಯ ಪ್ಯಾಕೆಟ್ಟೂ ತಂದಿದ್ದೀನಿ.” ಬ್ಯಾಗಿನಿಂದ ತೆಗೆದು ನನ್ನ ಕೈಗೇ ಕೊಟ್ಟರು. ಕ್ಲಿಪ್ಪಿಗೆ ಸಿಗುವಷ್ಟು ಉದ್ದ ಬಿಟ್ಟು, ತುದಿಯನ್ನು ಒಂದೇ ಸಮ ನೇರಕ್ಕೆ ಕತ್ತರಿಸಿದೆ. ಆವತ್ತಿನಿಂದ ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಬರುತ್ತಾರೆ.

ಪ್ರತಿ ಸಲವೂ ತಲೆ ತುಂಬ ಕೊಬ್ಬರಿ ಎಣ್ಣೆ. ನಾನೇನೂ ಅನ್ನುವುದಿಲ್ಲ, ತೊಳೆದುಕೊಳ್ಳುತ್ತೇನೆ.